ದೇವರಾಯ ಸತ್ತದ್ದು ಯಾವ ಮಂಗಳವಾರ?

1443ರಲ್ಲಿ ವಿಜಯನಗರದ ಅರಸ ಇಮ್ಮಡಿ ದೇವರಾಯನ ಸೈನ್ಯ ತುಂಗಭದ್ರೆ ದಾಟಿ ಮುದಗಲ್ಲನ್ನು ಹಿಡಿಯಿತು, ರಾಯಚೂರು ಮತ್ತು ಬಂಕಾಪುರದ ಕೋಟೆಗಳಿಗೆ ಮುತ್ತಿಗೆ ಹಾಕಿತು ಎನ್ನುತ್ತಾನೆ ಚರಿತ್ರಕಾರ ಫೆರಿಶ್ತಾ. ಆ ದಂಡಯಾತ್ರೆಗೆ ಕೆಲವೇ ತಿಂಗಳ ಹಿಂದೆ ರಾಜನ ಮೇಲೆಯೇ ಕಠಾರಿ ಎತ್ತಲಾಗಿತ್ತು. ಫೆರಿಶ್ತಾ ಅದರ ಸುದ್ದಿ ಎತ್ತುವುದಿಲ್ಲ. ಹೇಳುವವನು ಹೆರಾತಿನ ರಾಯಭಾರಿ ಅಬ್ದುಲ್ ರಜಾಕ್.

ಅವನ ಪ್ರಕಾರ ರಾಜನ ತಮ್ಮ ಹೊಸ ಮನೆ ಕಟ್ಟಿ ಅರಸನನ್ನೂ ಸರದಾರರನ್ನೂ ಔತಣಕ್ಕೆ ಕರೆದ. ನಗಾರಿ, ಕಹಳೆಗಳ ಗದ್ದಲದಲ್ಲಿ ಅತಿಥಿಗಳನ್ನು ಒಬ್ಬೊಬ್ಬರಾಗಿ ಒಳಕೋಣೆಗೆ ಕರೆದೊಯ್ದು ಕೊಲ್ಲಿಸಿದ. ಆಮೇಲೆ ರಾಜನಿದ್ದಲ್ಲಿಗೇ ಹೋಗಿ ಇರಿದ. ರಾಜ ಬದುಕಿದ, ತಮ್ಮ ಸತ್ತ. ಸುಮಾರು ತೊಂಬತ್ತು ವರ್ಷಗಳ ನಂತರ ಕುದುರೆ ವ್ಯಾಪಾರಿ ನೂನಿಜ್ ಬರೆದ ಕಥೆಯಲ್ಲಿ ಕೊಲೆಗಾರ ಸೋದರಳಿಯ, ಕಠಾರಿಗೆ ವಿಷ ಸವರಿತ್ತು, ಆರು ತಿಂಗಳಲ್ಲಿ ರಾಜ ತೀರಿಕೊಂಡ.

ರಜಾಕ್ ಕೂಡ ಕಣ್ಣಾರೆ ಕಂಡವನಲ್ಲ. ಆಗ ಅವನಿದ್ದದ್ದು ಕಲ್ಲಿಕೋಟೆಯಲ್ಲಿ. ಆದರೆ 1443ರ ಏಪ್ರಿಲ್ ಕೊನೆಗೆ ವಿಜಯನಗರ ತಲುಪಿ ರಾಜನನ್ನು ಭೇಟಿಯಾದ, ಮಹಾನವಮಿಯನ್ನೂ ನೋಡಿದ. ಇನ್ನೊಂದು ಸಾಕ್ಷಿ ಶ್ರವಣಬೆಳಗೊಳದ ಶಾಸನ. ದೇವರಾಯ ತೀರಿದ್ದು ಕ್ಷಯ ಸಂವತ್ಸರದ ವೈಶಾಖ ಬಹುಳ ಚತುರ್ದಶಿ, ಮಂಗಳವಾರ ಎಂದು ಅದು ಹೇಳುತ್ತದೆ. ಲೆಕ್ಕ ಹಾಕಿದರೆ ಅದು 1446ರ ಮೇ 24.

ಈ ಲೆಕ್ಕವನ್ನು ಓದುಗರೂ ಪರೀಕ್ಷಿಸಬಹುದು. ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ 1453ರ ಮೇ 29 ಮಂಗಳವಾರ ಎಂಬುದರಲ್ಲಿ ವಿವಾದವಿಲ್ಲ. ನಡುವೆ 1448, 1452 ಅಧಿಕ ವರ್ಷಗಳು. ಒಟ್ಟು 2,562 ದಿನ, ಅಂದರೆ ಸರಿಯಾಗಿ 366 ವಾರ. ಅಮಾವಾಸ್ಯೆಯ ಹಿಂದಿನ ದಿನವೆಂಬ ಚಂದ್ರನ ಲೆಕ್ಕವೂ ಹೊಂದುತ್ತದೆ. ಯಾರೋ ಊಹಿಸಿ ಕೆತ್ತಿಸಿದ್ದರೆ ವಾರವೊಂದು ತಾಳೆಯಾಗುವ ಸಂಭವವೇ ಏಳರಲ್ಲಿ ಒಂದು.

ಅಲ್ಲಿಗೆ ನೂನಿಜ್‌ನ ಆರು ತಿಂಗಳು ಬಿದ್ದುಹೋಗುತ್ತದೆ; ದೇವರಾಯ ಮೂರು ವರ್ಷ ಬಾಳಿದ. ನನಗಂತೂ ಆ ವಿಷದ ಮೇಲೆ ಮೊದಲಿಂದಲೂ ಅನುಮಾನ. ವತ್ಸನಾಭಿಯಂಥ ವಿಷ ರಕ್ತಕ್ಕೆ ಸೇರಿದರೆ ಕೊಲ್ಲುವುದು ಗಂಟೆಗಳ ಲೆಕ್ಕದಲ್ಲಿ, ತಿಂಗಳುಗಳಲ್ಲಲ್ಲ. ಗಾಯ ಕೀವುಗಟ್ಟಿ, ನಂಜೇರಿ ಸಾಯುವವರುಂಟು. ಅದಕ್ಕೆ ಕಠಾರಿಗೆ ಏನನ್ನೂ ಸವರಬೇಕಿಲ್ಲ.

ಇರಿದವನು ತಮ್ಮನೋ ಸೋದರಳಿಯನೋ ಎಂಬುದನ್ನು ಪಂಚಾಂಗ ಹೇಳಲಾರದು. ಘಟನೆಗೆ ಹತ್ತಿರವಿದ್ದ ರಜಾಕ್‌ನ ಮಾತಿಗೇ ನನ್ನ ಓಟು.