ಉಪಶಾಮಕ ಆರೈಕೆ: ವರ್ತಕ ಕುಟುಂಬಗಳು ಅರಿಯಬೇಕಾದ ಸಂಗತಿಗಳು

ಮೈಸೂರಿನ ಲಷ್ಕರ್ ಮೊಹಲ್ಲಾದಂತಹ ಹಳೆಯ ವ್ಯಾಪಾರಿ ಪ್ರದೇಶಗಳಲ್ಲಿ ಅನೇಕ ಅಂಗಡಿಗಳು ಒಬ್ಬರೇ ಮಾಲೀಕರ ಸಹಿಯ ಮೇಲೆ ನಡೆಯುತ್ತವೆ. ಆ ಮಾಲೀಕರು ವೃದ್ಧಾಪ್ಯದಲ್ಲಿ ದೀರ್ಘ ಕಾಯಿಲೆಗೆ ತುತ್ತಾದಾಗ ಆಸ್ಪತ್ರೆಯ ವೆಚ್ಚಕ್ಕೆ ದುಡಿಯುವ ಬಂಡವಾಳವೇ ಕರಗುತ್ತದೆ. ಆದುದರಿಂದ ಈ ಕುರಿತ ಸಂಶೋಧನೆಗಳು ವರ್ತಕರಿಗೂ ಪ್ರಸ್ತುತವಾಗಿವೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರ ಪ್ರಮಾಣ ಶೇ. 9.5ರಷ್ಟಿತ್ತು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017-18ರಲ್ಲಿ 45 ವರ್ಷ ಮೀರಿದ 72,000ಕ್ಕೂ ಹೆಚ್ಚು ಮಂದಿಯನ್ನು ಸಮೀಕ್ಷಿಸಿತು. ಹಿರಿಯ ನಾಗರಿಕರಲ್ಲಿ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘಕಾಲೀನ ಕಾಯಿಲೆಯಿದೆಯೆಂಬುದು ಅದರಿಂದ ತಿಳಿದುಬಂದಿತು.

ಗುಣವಾಗದ ಕಾಯಿಲೆಯಲ್ಲಿ ನೋವು, ಉಸಿರಾಟದ ತೊಂದರೆ ಹಾಗೂ ಮನೋವ್ಯಥೆಯನ್ನು ತಗ್ಗಿಸಿ, ಕುಟುಂಬಕ್ಕೂ ಆಸರೆಯಾಗುವುದೇ ಉಪಶಾಮಕ ಆರೈಕೆ. ಇದು ‘ಕೈಚೆಲ್ಲಿದ ಬಳಿಕದ’ ಚಿಕಿತ್ಸೆಯೆಂಬ ಭಾವನೆ ಸರಿಯಲ್ಲ. ಅಮೆರಿಕದ ಬೋಸ್ಟನ್ನಿನಲ್ಲಿ ಉಲ್ಬಣಿಸಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೇ ಇದಕ್ಕೆ ಸಾಕ್ಷಿ. ಸಾಮಾನ್ಯ ಚಿಕಿತ್ಸೆಯೊಡನೆ ಆರಂಭದಿಂದಲೇ ಈ ಆರೈಕೆ ಪಡೆದವರು, ಕೊನೆಗಾಲದಲ್ಲಿ ಉಗ್ರ ಚಿಕಿತ್ಸೆಗೆ ಕಡಿಮೆ ಒಳಗಾದರೂ, ಹೆಚ್ಚು ನೆಮ್ಮದಿಯಿಂದ ಬದುಕಿದರು. ಅವರ ಬದುಕಿನ ಮಧ್ಯಾಂಕ ಅವಧಿ 11.6 ತಿಂಗಳು, ಉಳಿದವರದು 8.9 ತಿಂಗಳು.

ವೆಚ್ಚದ ವಿಷಯದಲ್ಲಿ ಎರಡು ಅಂಶಗಳು ಗಮನಾರ್ಹ. ಮಾಲೀಕರ ಅಥವಾ ಅವರ ತಂದೆತಾಯಿಯರ ಚಿಕಿತ್ಸೆಯ ಖರ್ಚನ್ನು ವ್ಯಾಪಾರದ ಖರ್ಚೆಂದು ಬರೆಯುವಂತಿಲ್ಲ. ಅದು ಮಾಲೀಕರ ಸ್ವಂತ ಲೆಕ್ಕಕ್ಕೆ ಸೇರಬೇಕು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, ಆರೋಗ್ಯ ವಿಮೆಯಿಲ್ಲದ ಹಿರಿಯ ನಾಗರಿಕ ತಂದೆತಾಯಿಯರ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 50,000 ರೂ.ವರೆಗೆ ಕಡಿತವುಂಟು, ನಗದು ಪಾವತಿಗೆ ಈ ಸೌಲಭ್ಯವಿಲ್ಲ.

ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಎಂತಹ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯತೆ ನೀಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಲಾಯಿತು: ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಇದರ ಜಾರಿಗೆ ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ತಾವು ಮಾತನಾಡಲಾಗದಿದ್ದಾಗ ತೀರ್ಮಾನ ಕೈಗೊಳ್ಳಬೇಕಾದ ಆಪ್ತರ ಹೆಸರನ್ನೂ ಈ ಪತ್ರದಲ್ಲಿ ಸೂಚಿಸಬೇಕು.

ಬೆಂಗಳೂರಿನ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದೆ.

ವರ್ಷಾಂತ್ಯದಲ್ಲಿ ದಾಸ್ತಾನಿನ ಲೆಕ್ಕ ತೆಗೆಯುವ ವರ್ತಕರು, ಅದೇ ಶಿಸ್ತಿನಿಂದ ಮನೆಯ ಹಿರಿಯರೊಡನೆ ಕುಳಿತು ಅವರ ಇಚ್ಛೆಯನ್ನು ಕೇಳಿ ಬರೆದಿಡುವುದು ಒಳಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಆತುರದಿಂದ ಕೈಗೊಳ್ಳುವ ತೀರ್ಮಾನವು ಹಿರಿಯರಿಗೂ ಅಂಗಡಿಗೂ ಹೊರೆಯಾಗಬಲ್ಲದು.