ವೇಗದ ದೋಣಿಯ ಗೇರ್‌ಬಾಕ್ಸ್: ದುರಸ್ತಿಯ ಒಳಮರ್ಮ

ರಸ್ತೆಯ ವಾಹನಕ್ಕೆ ಬ್ರೇಕ್ ಉಂಟು, ದೋಣಿಗೆ ಇಲ್ಲ. ದಡವನ್ನು ಸಮೀಪಿಸುವ ವೇಗದ ದೋಣಿಯನ್ನು ತಡೆದು ನಿಲ್ಲಿಸುವುದು ಅದರ ಹಿಮ್ಮುಖ ಗೇರ್. ಆದುದರಿಂದ ದೋಣಿಯ ಗೇರ್‌ಬಾಕ್ಸಿನ ದುರಸ್ತಿಯನ್ನು ನಾವು ಸುರಕ್ಷತೆಯ ಕಾರ್ಯವೆಂದೇ ಪರಿಗಣಿಸಬೇಕು.

ಅಮೆರಿಕದ ಸರೋವರಗಳ ಸ್ಕೀ ದೋಣಿಗಳಲ್ಲಿ ದಶಕಗಳ ಕಾಲ ಬಳಕೆಯಾದ ಬೋರ್ಗ್-ವಾರ್ನರ್ ಸಂಸ್ಥೆಯ 'ವೆಲ್ವೆಟ್ ಡ್ರೈವ್' ಇದಕ್ಕೆ ಉತ್ತಮ ನಿದರ್ಶನ. ಇದರಲ್ಲಿ ಪಂಪು ಒತ್ತಡದಿಂದ ಕಳುಹಿಸುವ ಎಣ್ಣೆಯು ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ಬಿಗಿದು, ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ಮುಟ್ಟಿಸುತ್ತದೆ. 300 ಅಶ್ವಶಕ್ತಿಯ ಎಂಜಿನ್ನನ್ನು ಅದೇ ಸುತ್ತುವೇಗದಲ್ಲಿ 450ಕ್ಕೆ ಏರಿಸಿದರೆ ಪ್ಲೇಟುಗಳ ಮೇಲಿನ ತಿರುಚುಬಲ ಒಂದೂವರೆ ಪಟ್ಟಾಗುತ್ತದೆ. ಹಿಡಿತ ಸಾಲದೆ ಅವು ಜಾರಿ, ಬಿಸಿಯೇರಿ, ಸುಟ್ಟುಹೋಗುತ್ತವೆ. ಹೀಗಾಗಿ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವವರು ಕ್ಲಚ್ಚಿನಲ್ಲಿ ಪ್ಲೇಟುಗಳ ಸಂಖ್ಯೆಯನ್ನೂ ಹೆಚ್ಚಿಸುತ್ತಾರೆ.

ಆದರೆ ಹೊಸ ಪ್ಲೇಟು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ದೋಷದ ಮೂಲ ಎಷ್ಟೋ ವೇಳೆ ಪೆಟ್ಟಿಗೆಯ ಹೊರಗಿರುತ್ತದೆ. ಎಣ್ಣೆಯನ್ನು ತಣಿಸುವ ಕೂಲರಿನಲ್ಲಿ ಜೊಂಡು ಸಿಕ್ಕಿಕೊಂಡರೆ ಎಣ್ಣೆ ಕಾಯುತ್ತದೆ. ಅದರ ಒಳಕೊಳವೆ ತೂತಾದರೆ ನೀರು ಬೆರೆತು ಎಣ್ಣೆ ಹಾಲಿನಂತೆ ಬಿಳಿಚುತ್ತದೆ. ಹಳೆಯ ಪ್ಲೇಟುಗಳ ಚೂರುಗಳು ಕೂಲರಿನಲ್ಲಿ ಉಳಿದರೆ ಹೊಸ ಭಾಗಗಳನ್ನೂ ಕೆಡಿಸುತ್ತವೆ. ಎಂಜಿನ್ ತಿರುಗುವ ದಿಕ್ಕಿಗೆ ಅನುಗುಣವಾಗಿ ಪಂಪನ್ನು ಕೂರಿಸದಿದ್ದರೆ ಎಣ್ಣೆಗೆ ಒತ್ತಡವೇ ಬಾರದು.

ದುರಸ್ತಿಯ ನಂತರ ದೋಣಿಯನ್ನು ದಡಕ್ಕೆ ಭದ್ರವಾಗಿ ಕಟ್ಟಿ, ಎಣ್ಣೆಯ ಒತ್ತಡವನ್ನು ಮಾಪಕದಿಂದ ಅಳೆದು, ಮುಮ್ಮುಖ ಹಾಗೂ ಹಿಮ್ಮುಖ ಗೇರುಗಳೆರಡನ್ನೂ ಪರೀಕ್ಷಿಸಬೇಕು. ಹಿಮ್ಮುಖ ಗೇರ್ ತಡವಿಲ್ಲದೆ ಹಿಡಿಯುವುದೆಂದು ಖಚಿತವಾದ ಮೇಲೆಯೇ ಹಗ್ಗ ಬಿಚ್ಚುವುದು ಲೇಸು.