ಮೂರು ಚೀಟಿಗಳನ್ನು ಒಟ್ಟಿಗೆ ಓದುವವರಾರು?

ಬೆಂಗಳೂರಿನ ದಕ್ಷಿಣ ಭಾಗದ ನಿವಾಸಿಗಳು ಒಂದು ವಿಷಯದಲ್ಲಿ ಭಾಗ್ಯವಂತರೆಂದೇ ಹೇಳಬೇಕು. ಜಯನಗರದ 4ನೆಯ ಟಿ ಬ್ಲಾಕಿನಿಂದ ಎರಡು ಮೂರು ಮೈಲಿಗಳೊಳಗೆ ಸಾರ್ವಜನಿಕರ ಹಣದಿಂದ ನಡೆಯುವ ಎಷ್ಟೊಂದು ಆಸ್ಪತ್ರೆಗಳಿವೆ! ಸನಿಹದಲ್ಲೇ ಜಯನಗರದ ಸಾರ್ವಜನಿಕ ಆಸ್ಪತ್ರೆ ಮತ್ತು ಮೂಳೆಮುರಿತದವರಿಗಾಗಿ ಸಂಜಯ ಗಾಂಧಿ ಸಂಸ್ಥೆ. ಬನ್ನೇರುಘಟ್ಟ ರಸ್ತೆಯಲ್ಲಿ, ಬಿ.ಟಿ.ಎಂ. ಬಡಾವಣೆಯ ಅಂಚಿಗೆ, ಹೃದ್ರೋಗಿಗಳ ಜಯದೇವ ಸಂಸ್ಥೆ. ಇತ್ತ ನಿಮ್ಹಾನ್ಸ್, ಕಿದ್ವಾಯಿ, ಮಕ್ಕಳಿಗಾಗಿ ಇಂದಿರಾ ಗಾಂಧಿ ಸಂಸ್ಥೆ, ಎದೆರೋಗಗಳಿಗಾಗಿ ರಾಜೀವ ಗಾಂಧಿ ಸಂಸ್ಥೆ. ದೂರದ ಜಿಲ್ಲೆಗಳಿಂದ ರಾತ್ರಿಯ ಬಸ್ಸು ಹತ್ತಿ ಬರುವ ಬಡವರಿಗೆ ಈ ಪ್ರದೇಶವು ಒಂದು ಯಾತ್ರಾಸ್ಥಳವೇ ಆಗಿದೆ. ಇಲ್ಲಿಯ ವೈದ್ಯರ ವಿದ್ಯೆಯನ್ನಾಗಲಿ ದಾದಿಯರ ಸೇವೆಯನ್ನಾಗಲಿ ಕಡೆಗಣಿಸಿ ಮಾತನಾಡುವುದು ನಮ್ಮ ಉದ್ದೇಶವಲ್ಲ. ಆದರೆ ಇಷ್ಟೆಲ್ಲ ಸೌಕರ್ಯದ ನಡುವೆ ಒಂದು ಸ್ಥಾನ ಬರಿದಾಗಿದೆ. ಅದರ ಕಡೆಗೆ ಮಹಾಜನರ ಮತ್ತು ಸರಕಾರದವರ ಲಕ್ಷ್ಯವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ವಾದಕ್ಕಾಗಿ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಬನಶಂಕರಿಯ ಕಡೆ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕಿ ಬದುಕುವವಳು. ಎಳವೆಯಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಅದರ ಸ್ಥಾನದಲ್ಲಿ ಲೋಹದ ಕವಾಟವನ್ನು ಇಟ್ಟಿರುತ್ತಾರೆ. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಆಕೆ ಜೀವಮಾನವಿಡೀ ವಾರ್ಫರಿನ್ ಮಾತ್ರೆಯನ್ನು ಸೇವಿಸಬೇಕು. ಇದು ಮೊದಲನೆಯ ಚೀಟಿ. ಕೆಲವು ವರ್ಷಗಳ ತರುವಾಯ ಆಕೆಗೆ ಕ್ಷಯ ತಗಲುತ್ತದೆ. ಎದೆರೋಗದ ವೈದ್ಯರು ರಿಫಾಂಪಿಸಿನ್ ಮೊದಲಾದ ಔಷಧಗಳನ್ನು ಬರೆಯುತ್ತಾರೆ. ಇದು ಎರಡನೆಯದು. ನಡುವೆ ಮೊಣಕಾಲು ನೋವೆಂದು ಹತ್ತಿರದ ಆಸ್ಪತ್ರೆಗೆ ಹೋದರೆ ಅಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ದೊರೆಯುತ್ತದೆ. ಇದು ಮೂರನೆಯ ಚೀಟಿ. ಬೇರೆ ಬೇರೆಯಾಗಿ ನೋಡಿದರೆ ಮೂರೂ ಸರಿಯಾದ ಚೀಟಿಗಳೇ.

ಆದರೆ ಮೂರನ್ನೂ ಒಟ್ಟಿಗೆ ಓದಿದವರಿಗೆ ಬೇರೊಂದು ಸಂಗತಿ ಗೋಚರಿಸುವುದು. ರಿಫಾಂಪಿಸಿನ್ ಔಷಧವು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ವಾರ್ಫರಿನ್ನಿನ ಶಕ್ತಿಯನ್ನು ಬಹುಮಟ್ಟಿಗೆ ಕುಗ್ಗಿಸುತ್ತದೆ. ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗುತ್ತಿದ್ದರೂ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಇದನ್ನು ಕಂಡು ವಾರ್ಫರಿನ್ನಿನ ಪ್ರಮಾಣವನ್ನು ಏರಿಸಿದರೆಂದು ತಿಳಿಯಿರಿ. ಆರು ತಿಂಗಳ ಮೇಲೆ ಕ್ಷಯದ ಔಷಧ ಮುಗಿದಾಗ, ಏರಿಸಿದ ಪ್ರಮಾಣವನ್ನು ಮತ್ತೆ ಇಳಿಸಲು ಯಾರಿಗೂ ನೆನಪಾಗದೆ ಹೋದರೆ, ಕೆಲವು ವಾರಗಳಲ್ಲಿಯೇ ರಕ್ತಸ್ರಾವ ಮೊದಲಾಗಬಹುದು. ನೋವಿನ ಮಾತ್ರೆಯಂತೂ ಜಠರದ ಒಳಪೊರೆಯನ್ನು ಕೆಡಿಸಿ ಆ ಸ್ರಾವಕ್ಕೆ ದಾರಿಮಾಡಿಕೊಡುವುದು. ಹೀಗೆ ಔಷಧ ಆರಂಭಿಸಿದಾಗ ಒಂದು ಅಪಾಯ, ನಿಲ್ಲಿಸಿದಾಗ ಮತ್ತೊಂದು ಅಪಾಯ. ಇದರಲ್ಲಿ ತಪ್ಪಿತಸ್ಥರು ಯಾರು? ಮೂವರು ವೈದ್ಯರಲ್ಲಿ ಒಬ್ಬರೂ ಅಲ್ಲ. ಬಾಗಿಲಾಚೆಗೆ ಸಾಲುಗಟ್ಟಿ ನಿಂತ ಜನರನ್ನು ನೋಡಿ ಮುಗಿಸಬೇಕಾದ ವೈದ್ಯನ ಮುಂದೆ ಅವನ ಚೀಟಿಯೊಂದೇ ಇರುವುದು; ಉಳಿದೆರಡು ಚೀಟಿಗಳು ಆ ತಾಯಿಯ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಕೊಂಡು ಕುಳಿತಿರುವುವು.

ಆ ಚೀಲವನ್ನು ಬಿಚ್ಚಿಸಿ ನೋಡುವುದೇ ತನ್ನ ಉದ್ಯೋಗವೆಂದು ಕಲಿತವನು ಕ್ಲಿನಿಕಲ್ ಫಾರ್ಮಸಿಸ್ಟ್. ಅವನು ಔಷಧದ ಕಿಟಕಿಯ ಹಿಂದೆ ನಿಲ್ಲುವವನಲ್ಲ. ರೋಗಿಯ ಹಾಸಿಗೆಯ ಬಳಿ ನಿಲ್ಲುವವನು. ರೋಗಿ ದಾಖಲಾದ ದಿನವೇ ಅವನು ಇದುವರೆಗೆ ಏನೇನು ಸೇವಿಸುತ್ತಿದ್ದನೆಂಬುದನ್ನು, ನಾಟಿ ಔಷಧವನ್ನೂ ಸೇರಿಸಿ, ಕೇಳಿ ಬರೆದುಕೊಳ್ಳುವುದು; ಮೂತ್ರಪಿಂಡದ ಶಕ್ತಿಯನ್ನು ಲೆಕ್ಕಹಾಕಿ ಔಷಧದ ಪ್ರಮಾಣ ಹೆಚ್ಚಾಗಿದ್ದರೆ ವೈದ್ಯರಿಗೆ ಸೂಚಿಸುವುದು; ಒಂದೇ ಔಷಧ ಎರಡು ಹೆಸರುಗಳಲ್ಲಿ ಬರೆದಿದ್ದರೆ ಒಂದನ್ನು ತೆಗೆಸುವುದು; ರಕ್ತನಾಳಕ್ಕೆ ಏರಿಸುವ ಯಾವ ದ್ರಾವಣದೊಡನೆ ಯಾವುದನ್ನು ಬೆರೆಸಬಾರದೆಂದು ದಾದಿಯರಿಗೆ ತಿಳಿಸುವುದು; ಬಿಡುಗಡೆಯ ದಿನ ಇನ್ಸುಲಿನ್ ಚುಚ್ಚಿಕೊಳ್ಳುವ ಕ್ರಮವನ್ನು ರೋಗಿಯ ಕೈಯಲ್ಲೇ ಮಾಡಿಸಿ ನೋಡುವುದು: ಇವೆಲ್ಲ ಅವನ ದಿನಚರಿ. ವಾರ್ಫರಿನ್ ಸೇವಿಸುವ ನಮ್ಮ ಆ ತಾಯಿಗೆ, ಸೊಪ್ಪಿನ ಸಾರನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ಹೊಟ್ಟೆತುಂಬ ತಿಂದು ಮರುವಾರ ಮುಟ್ಟದೆ ಇರಬಾರದು ಎಂದು ಅವಳ ಮಾತಿನಲ್ಲೇ ಹೇಳುವವನೂ ಅವನೇ.

ಇದೇನೂ ನಿನ್ನೆ ಹುಟ್ಟಿದ ವಿಚಾರವಲ್ಲ. 1966ರಲ್ಲಿಯೇ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೆಯ ಮಹಡಿಯಲ್ಲಿ ಫಾರ್ಮಸಿಸ್ಟರನ್ನು ರೋಗಿಗಳ ಬಳಿಗೆ ಕರೆತಂದು ಈ ಪ್ರಯೋಗವನ್ನು ಮಾಡಿದರು. ಬ್ರಿಟನ್ನಿನಲ್ಲಿ 2006ರಿಂದ ತಕ್ಕ ತರಬೇತಿ ಪಡೆದ ಫಾರ್ಮಸಿಸ್ಟರಿಗೆ ತಾವೇ ಔಷಧ ಬರೆಯುವ ಅಧಿಕಾರವನ್ನೂ ಕೊಟ್ಟರು. ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದುದಲ್ಲ. ಪಂಡಿತ ಮಾಲವೀಯರ ಪ್ರೋತ್ಸಾಹದಿಂದ ಮಹಾದೇವ ಲಾಲ್ ಶ್ರಾಫರು 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧವಿಜ್ಞಾನದ ಬೋಧನೆಯನ್ನು ನೆಲೆಗೊಳಿಸಿದರು. 1948ರಲ್ಲಿ ಫಾರ್ಮಸಿ ಕಾಯಿದೆ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಬೆಂಗಳೂರಿಗೆ ಬಂದು ಜಯನಗರಕ್ಕೆ ಅಡಿಗಲ್ಲಿಟ್ಟರು. ಬಡಾವಣೆ ಬೆಳೆದು ಹತ್ತಾರು ಬ್ಲಾಕುಗಳಾದುವು, ಕಾಯಿದೆಯೂ ಬೆಳೆಯಿತು. ಮೈಸೂರಿನ ಜೆ.ಎಸ್.ಎಸ್. ಕಾಲೇಜಿನವರು 1990ರ ದಶಕದ ಉತ್ತರಾರ್ಧದಲ್ಲೇ ಆಸ್ಪತ್ರೆಯೊಳಗಿನ ಫಾರ್ಮಸಿ ವಿದ್ಯೆಗೆ ಸ್ನಾತಕೋತ್ತರ ತರಗತಿಯನ್ನು ತೆರೆದು ದೇಶಕ್ಕೆ ಮಾರ್ಗದರ್ಶಕರಾದರು. 2008ರಲ್ಲಿ ಫಾರ್ಮಸಿ ಕೌನ್ಸಿಲಿನವರು ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿಯನ್ನು ಸ್ಥಾಪಿಸಿದರು. 2015ರ ನಿಯಮಗಳು ರೋಗಿಗೆ ಔಷಧದ ವಿಷಯವಾಗಿ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟನ ಕರ್ತವ್ಯವನ್ನಾಗಿ ಮಾಡಿದುವು. 2021ರ ತಿದ್ದುಪಡಿಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹೆಸರೇ ನಿಯಮದೊಳಗೆ ಸೇರಿತು.

ಹೆಸರು ಬಂದಿತು, ಹುದ್ದೆ ಬಂದಿತೇ? ಇಲ್ಲಿಯೇ ನಮ್ಮ ಆಕ್ಷೇಪಣೆ ಇರುವುದು. ಫಾರ್ಮ್.ಡಿ. ಪದವಿಯ ಕಾಲೇಜಿಗೆ 300 ಹಾಸಿಗೆಗಳ ಆಸ್ಪತ್ರೆಯೊಂದರ ಸಂಬಂಧ ಇರಲೇಬೇಕೆಂದು ನಿಯಮವಿದೆ. ಆರನೆಯ ವರ್ಷವಿಡೀ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿಯೇ ಕಳೆಯುವನು: ಆರು ತಿಂಗಳು ಸಾಮಾನ್ಯ ವೈದ್ಯ ವಿಭಾಗದಲ್ಲಿ, ಎರಡೆರಡು ತಿಂಗಳಂತೆ ಬೇರೆ ಮೂರು ವಿಭಾಗಗಳಲ್ಲಿ. ಆ ಹನ್ನೆರಡು ತಿಂಗಳು ಅವನು ವೈದ್ಯರ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ನಡೆದು ಚೀಟಿಗಳನ್ನು ಓದುತ್ತಾನೆ. ಆದರೆ ಪದವಿ ಕೈಗೆ ಬಂದ ಮರುದಿನ ಸರಕಾರಿ ವಾರ್ಡಿನಲ್ಲಿ ಅವನಿಗೆ ಬಹುಮಟ್ಟಿಗೆ ಸ್ಥಾನವೇ ಇಲ್ಲ. ಖಾಸಗಿಯ ದೊಡ್ಡ ಆಸ್ಪತ್ರೆಗಳಿಗೋ, ಔಷಧಗಳ ಪ್ರಯೋಗ ನಡೆಸುವ ಕಂಪೆನಿಗಳಿಗೋ, ಹೊರದೇಶಕ್ಕೋ ಅವನು ಹೋಗುತ್ತಾನೆ. ಆ ಪದವಿಗಳನ್ನು ನೀಡುವ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪಿತವಾಗಿ ಇದೇ 4ನೆಯ ಟಿ ಬ್ಲಾಕಿನಲ್ಲಿಯೇ ಬೆಳೆದುದು. ಪದವಿ ಕೊಡುವ ಕಟ್ಟಡಕ್ಕೂ ಬಡವರ ಹಾಸಿಗೆಗೂ ನಡುವೆ ಕಾಲ್ನಡಿಗೆಯ ದೂರ. ಆದರೆ ಪದವೀಧರನು ಆ ದೂರವನ್ನು ದಾಟಲಾರ. ಬಾವಿ ತೋಡಿಸಿ ಹಗ್ಗ ಕೊಡದವನ ಧರ್ಮದಂತೆ ಆಯಿತು ಇದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜನರು ಇಂದಿಗೂ ವಾಡಿಕೆಯಿಂದ ಕಾಂಪೌಂಡರ್ ಎಂದು ಕರೆಯುವ, ಸರಕಾರಿ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದಿರುವ ಫಾರ್ಮಸಿಸ್ಟರ ಮೇಲೆ ನಮಗೆ ಯಾವ ದೂರೂ ಇಲ್ಲ. ದಾಸ್ತಾನಿನ ಲೆಕ್ಕ, ಬೇಡಿಕೆಯ ಪಟ್ಟಿ, ಅವಧಿ ಮೀರಿದ ಔಷಧವನ್ನು ಬೇರೆಯಿಡುವುದು, ಇಷ್ಟರ ಮೇಲೆ ಕಿಟಕಿಯ ಮುಂದೆ ಮುಗಿಯದ ಸಾಲು: ಇದು ಅವರ ಪಾಡು. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೈಗಿತ್ತು, ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಹೇಳಿ ಮುಗಿಸುವುದರೊಳಗೆ ಮುಂದಿನವನ ಕೈ ಕಿಟಕಿಯೊಳಗೆ ಬಂದಿರುತ್ತದೆ. ಅಷ್ಟು ಹೊತ್ತಿನಲ್ಲಿ ಮೂರು ಚೀಟಿಗಳನ್ನು ಹೋಲಿಸಿ ನೋಡೆಂದು ಅವರಿಗೆ ಹೇಳುವುದು ನ್ಯಾಯವಲ್ಲ. ಹೊಸ ಹುದ್ದೆ ಬರುವುದೆಂದರೆ ಅವರ ಅನ್ನಕ್ಕೆ ಕಲ್ಲು ಬೀಳುವುದೆಂದೂ ತಿಳಿಯಬಾರದು. ಸೇವೆಯಲ್ಲಿರುವ ಡಿಪ್ಲೊಮಾ ಪದವೀಧರರು ಎರಡು ವರ್ಷ ಓದಿ ಬಿ.ಫಾರ್ಮ್. ಪಡೆಯಲು 2014ರ ನಿಯಮಗಳು ಅವಕಾಶ ಕೊಟ್ಟುವು, ಬಿ.ಫಾರ್ಮ್. ಆದವರು ಮೂರು ವರ್ಷಗಳಲ್ಲಿ ಫಾರ್ಮ್.ಡಿ. ಪಡೆಯುವ ಮಾರ್ಗವೂ ಇದೆ. ಕಿಟಕಿಯಿಂದ ವಾರ್ಡಿಗೆ ಏಣಿಯನ್ನು ಇಟ್ಟುಕೊಟ್ಟರೆ, ಹಳಬರೂ ಹತ್ತುವರು, ಹೊಸಬರೂ ಹತ್ತುವರು.

ವೈದ್ಯರಲ್ಲಿ ಕೆಲವರು, ತಾವು ಬರೆದುದನ್ನು ಪರೀಕ್ಷಿಸಲು ಮತ್ತೊಬ್ಬನೇಕೆ ಎಂದು ಮುನಿಯಬಹುದು. ಲೆಕ್ಕ ಬರೆದವನ ಪ್ರಾಮಾಣಿಕತೆಯನ್ನು ಸಂಶಯಿಸಿ ಯಾರೂ ಲೆಕ್ಕಪರಿಶೋಧಕರನ್ನು ನೇಮಿಸುವುದಿಲ್ಲ. ಎಷ್ಟು ಬಲ್ಲವನ ಕಣ್ಣಿಗಾದರೂ ದಣಿವು ಉಂಟೆಂದು ನೇಮಿಸುತ್ತಾರೆ. ಔಷಧವನ್ನು ನಿರ್ಣಯಿಸುವ ಅಧಿಕಾರ ವೈದ್ಯರದೇ. ಕ್ಲಿನಿಕಲ್ ಫಾರ್ಮಸಿಸ್ಟನ ಕೆಲಸ ಸೂಚಿಸುವುದು ಮಾತ್ರ. ಇನ್ನು ಹಣವೆಲ್ಲಿದೆ ಎಂದು ಕೇಳುವವರಿಗೂ ಉತ್ತರವಿದೆ. ಔಷಧ ಸಂಬಂಧವಾದ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ 42 ಬಿಲಿಯನ್ ಡಾಲರುಗಳಷ್ಟು ನಷ್ಟವಾಗುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅಂದಾಜು ಮಾಡಿತು. ರಕ್ತ ಕಾರಿಕೊಂಡು ಮರಳಿ ದಾಖಲಾಗುವ ರೋಗಿಗೆ ಹಾಸಿಗೆ, ರಕ್ತ, ವೈದ್ಯರ ವೇಳೆ ಎಲ್ಲವನ್ನೂ ಸರಕಾರವೇ ಒದಗಿಸಬೇಕಷ್ಟೆ. ತಡೆಯುವುದಕ್ಕೆ ಹಣವಿಲ್ಲವೆನ್ನುವವರು ಆ ವೆಚ್ಚಕ್ಕೆ ಹಣವನ್ನು ಹೇಗಾದರೂ ಹುಡುಕಲೇಬೇಕಾಗುತ್ತದೆ.

2024ರ ನವೆಂಬರಿನ ನೆನಪನ್ನು ಇಲ್ಲಿ ತರದೆ ಇರಲಾರೆವು. ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಕೆಲವೇ ವಾರಗಳೊಳಗೆ ಒಬ್ಬರ ಹಿಂದೊಬ್ಬರಂತೆ ಐವರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಲವಾದ ಸಂಶಯ ಎದ್ದು, ಸರಕಾರದವರು ಅದರ ಬಳಕೆಯನ್ನು ತಡೆದರು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟರು. ವಾರ್ಡಿನಲ್ಲಿ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಿದ್ದರೆ ಆ ಐದು ಜೀವಗಳು ಉಳಿಯುತ್ತಿದ್ದುವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅಗಲಿದವರ ವಿಷಯದಲ್ಲಿ ಲಘುತನವಾದೀತು. ಆದರೆ ಔಷಧಗಳ ದುಷ್ಪರಿಣಾಮಗಳನ್ನು ವರದಿಮಾಡಲು ದೇಶದಲ್ಲಿ 2010ರಿಂದ ಒಂದು ವ್ಯವಸ್ಥೆ ಇದೆ. ಅದಕ್ಕೆ ಸಲ್ಲಬೇಕಾದ ನಮೂನೆಯನ್ನು ಯಾರಾದರೂ ಕೂತು ಬರೆಯಬೇಕಲ್ಲವೆ? ಒಂದೇ ಬ್ಯಾಚಿನ ಬಾಟಲಿಯಿಂದ ಇಬ್ಬರಿಗೆ ಒಂದೇ ಬಗೆಯ ತೊಂದರೆಯಾದರೆ, ಮೂರನೆಯವಳಿಗೆ ಆ ಬಾಟಲಿ ಏರುವ ಮೊದಲು ಕೈ ತಡೆಯುವುದನ್ನೇ ತನ್ನ ಉದ್ಯೋಗವೆಂದು ತಿಳಿದವನೊಬ್ಬನು ಬೇಡವೆ?

ನಾವು ಕೇಳುವುದು ಅಪಾರವಾದುದೇನೂ ಅಲ್ಲ. ಮೊದಲು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ರಾಜಧಾನಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿಯೂ ಕ್ಲಿನಿಕಲ್ ಫಾರ್ಮಸಿಸ್ಟರ ಖಾಯಂ ಹುದ್ದೆಗಳನ್ನು ಮಂಜೂರು ಮಾಡಬೇಕು. ತೀವ್ರನಿಗಾ ಘಟಕ, ಹೆರಿಗೆಯ ವಾರ್ಡು ಮತ್ತು ಮಕ್ಕಳ ವಾರ್ಡುಗಳಿಂದ ಆರಂಭಿಸಬೇಕು. ನೇಮಕವಾದವರು ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಏಕೆಂದರೆ ಔಷಧದ ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳು ನಮ್ಮ ಬಹುಜನರಿಗೆ ಬರಿಯ ಗೆರೆಗಳು. ಅರ್ಥವಾಗದ ಭಾಷೆಯಲ್ಲಿ ಹೇಳಿದ ಎಚ್ಚರಿಕೆ ಹೇಳದೆ ಇದ್ದುದಕ್ಕೆ ಸಮಾನ.

ಜಯನಗರದ ಅಡಿಗಲ್ಲಿಗೂ ಫಾರ್ಮಸಿ ಕಾಯಿದೆಗೂ ಒಂದೇ ವಯಸ್ಸು. ಅಡಿಗಲ್ಲಿನ ಮೇಲೆ ಮನೆಗಳು ಎದ್ದುವು, ಮರಗಳು ಬೆಳೆದು ನೆರಳು ಕೊಟ್ಟುವು. ಕಾಯಿದೆಯ ನೆರಳು ಮಾತ್ರ ಬಡವನ ಹಾಸಿಗೆಯನ್ನು ಇನ್ನೂ ಪೂರ್ಣವಾಗಿ ಮುಟ್ಟಿಲ್ಲ. ಮೂರು ಆಸ್ಪತ್ರೆಗಳನ್ನು ಸುತ್ತಿ, ಮೂರು ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿಗಾಗಿ ಕಾಯುತ್ತ ನಿಂತಿರುವ ಆ ತಾಯಿಯಂಥವರನ್ನು ಕೂರಿಸಿ, ಅಮ್ಮಾ, ಎಲ್ಲ ಚೀಟಿಗಳನ್ನೂ ಕೊಡಿ, ಒಮ್ಮೆ ನೋಡುತ್ತೇನೆ ಎಂದು ಕೇಳುವವನೊಬ್ಬನನ್ನು ಸರಕಾರದವರು ನೇಮಿಸಲಿ.